ಮಾತ್ರೆಗೆ ಮೊದಲು ಮಾತು

ಮಾನಸಿಕ ಆಸ್ಪತ್ರೆಗೆ ದಾಖಲಾದ ರೋಗಿಯೊಂದಿಗೆ ಅತಿ ಹೆಚ್ಚು ಹೊತ್ತು ಇರುವವರು ಯಾರು? ಮನೋವೈದ್ಯರು ಬೆಳಗಿನ ಸುತ್ತಿನಲ್ಲಿ ಬಂದು, ಕೆಲವು ನಿಮಿಷ ಮಾತನಾಡಿಸಿ ಮುಂದಿನ ಹಾಸಿಗೆಗೆ ಸಾಗುತ್ತಾರೆ. ಮನಶ್ಶಾಸ್ತ್ರಜ್ಞರೂ ಸಮಾಜ ಕಾರ್ಯಕರ್ತರೂ ತಮ್ಮ ಸರದಿ ಬಂದಾಗ ಭೇಟಿಯಾಗುತ್ತಾರೆ. ಹಗಲು, ಸಂಜೆ, ರಾತ್ರಿ ಎಂಬ ಮೂರು ಪಾಳಿಗಳಲ್ಲಿ ಇಪ್ಪತ್ತನಾಲ್ಕು ಗಂಟೆಯೂ ರೋಗಿಯ ಕಣ್ಣೆದುರಿಗೆ ಇರುವವರು ಶುಶ್ರೂಷಕರು ಮಾತ್ರ. ರೋಗಿ ಊಟ ಮಾಡಿದನೇ, ನಿದ್ರೆ ಬಂತೇ, ಯಾರೊಂದಿಗಾದರೂ ಮಾತನಾಡಿದನೇ, ಒಬ್ಬನೇ ಕುಳಿತು ಅತ್ತನೇ ಎಂಬುದನ್ನು ನೋಡಿ ಬರೆದಿಡುವವರು ಅವರೇ. ಮರುದಿನ ವೈದ್ಯರು ಔಷಧದ ಪ್ರಮಾಣವನ್ನು ಏರಿಸುವುದೋ ಇಳಿಸುವುದೋ, ರೋಗಿಯನ್ನು ಮನೆಗೆ ಕಳುಹಿಸುವುದೋ ಇರಿಸಿಕೊಳ್ಳುವುದೋ ಎಂಬ ತೀರ್ಮಾನ ಬಹುಮಟ್ಟಿಗೆ ಆ ಬರಹವನ್ನೇ ಅವಲಂಬಿಸಿರುತ್ತದೆ.

ಹೀಗಿರುವಾಗ, ಹಾಗೆ ಬರೆಯುವ ವ್ಯಕ್ತಿಗೆ ರೋಗಿಯ ಭಾಷೆ, ನಂಬಿಕೆ, ನಡೆನುಡಿಗಳು ಅರ್ಥವಾಗುತ್ತವೆಯೇ ಎಂಬುದು ಬರಿಯ ಸೌಜನ್ಯದ ಪ್ರಶ್ನೆಯಲ್ಲ; ಅದು ಚಿಕಿತ್ಸೆಯ ಪ್ರಶ್ನೆ. 2017ರಲ್ಲಿ ಸಂಸತ್ತು ಅಂಗೀಕರಿಸಿದ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ 2018ರ ಮೇ ತಿಂಗಳಿನಿಂದ ಜಾರಿಯಲ್ಲಿದೆ. ಅಂದಿನಿಂದ ಹಾಸಿಗೆಗಳ ಸಂಖ್ಯೆ, ಮನೋವೈದ್ಯರ ಕೊರತೆ, ಔಷಧ ಪೂರೈಕೆಗಳ ಬಗ್ಗೆ ಸಾಕಷ್ಟು ಚರ್ಚೆ ನಡೆದಿದೆ. ಶುಶ್ರೂಷಕರ ಸಾಂಸ್ಕೃತಿಕ ಅರಿವಿನ ಬಗ್ಗೆ ಮಾತ್ರ ನಮ್ಮ ಆಡಳಿತ ವಲಯದಲ್ಲಿ ಯಾರೂ ಗಂಭೀರವಾಗಿ ಮಾತನಾಡಿದಂತಿಲ್ಲ. ಪಠ್ಯಪುಸ್ತಕದ ಒಂದು ಅಧ್ಯಾಯವಾಗಿ ಅದು ಬಂದು ಹೋಗುತ್ತದೆ. ಹುದ್ದೆ, ತರಬೇತಿ, ಅನುದಾನಗಳ ಭಾಷೆಯಲ್ಲಿ ಅದಕ್ಕೆ ಸ್ಥಾನವಿಲ್ಲ. ಆ ಸ್ಥಾನ ಏಕೆ ಬೇಕು ಎಂಬುದನ್ನು ವಿವರಿಸುವುದು ಈ ಲೇಖನದ ಉದ್ದೇಶ.

ಒಂದು ಪರಿಕಲ್ಪನೆಯ ಹುಟ್ಟು

ಈ ವಿಚಾರ ಹುಟ್ಟಿದ್ದೇ ಮನೋರೋಗ ಶುಶ್ರೂಷೆಯಲ್ಲಿ ಎಂಬುದು ಗಮನಾರ್ಹ. ಅಮೆರಿಕದ ಮ್ಯಾಡಲೀನ್ ಲೈನಿಂಜರ್ 1950ರ ದಶಕದಲ್ಲಿ ಸಿನ್ಸಿನಾಟಿಯ ಮಕ್ಕಳ ಮಾನಸಿಕ ಕೇಂದ್ರವೊಂದರಲ್ಲಿ ಶುಶ್ರೂಷಕಿಯಾಗಿದ್ದರು. ಬೇರೆ ಬೇರೆ ಹಿನ್ನೆಲೆಯಿಂದ ಬಂದ ಮಕ್ಕಳು ಒಂದೇ ಬಗೆಯ ಆರೈಕೆಗೆ ಒಂದೇ ರೀತಿ ಸ್ಪಂದಿಸುತ್ತಿಲ್ಲ ಎಂಬುದನ್ನು ಅವರು ಕಂಡರು. ಊಟ, ನಿದ್ರೆ, ಸಾಂತ್ವನ, ಶಿಸ್ತು ಎಲ್ಲದರಲ್ಲೂ ಮಕ್ಕಳ ನಿರೀಕ್ಷೆಗಳು ಬೇರೆಯಾಗಿದ್ದವು. ಮನೋವಿಶ್ಲೇಷಣೆಯ ಸಿದ್ಧಾಂತಗಳು ಅದಕ್ಕೆ ಕಾರಣ ಹೇಳುತ್ತಿರಲಿಲ್ಲ. ಲೈನಿಂಜರ್ ಮಾನವಶಾಸ್ತ್ರದ ಅಧ್ಯಯನಕ್ಕೆ ತೊಡಗಿ, 1960ರ ದಶಕದ ಆರಂಭದಲ್ಲಿ ನ್ಯೂಗಿನಿಯ ಗಡ್ಸಪ್ ಜನರ ನಡುವೆ ನೆಲೆಸಿ ಕ್ಷೇತ್ರಕಾರ್ಯ ನಡೆಸಿದರು. ಅದರ ಫಲವೇ ‘ಅಂತರ್-ಸಾಂಸ್ಕೃತಿಕ ಶುಶ್ರೂಷೆ’ ಎಂಬ ಶಾಸ್ತ್ರಶಾಖೆ.

ಲೈನಿಂಜರ್ ಸೂಚಿಸಿದ ಮೂರು ದಾರಿಗಳು ಇಂದಿಗೂ ಉಪಯುಕ್ತ. ರೋಗಿಯ ಆಚಾರ ಆತನ ಆರೋಗ್ಯಕ್ಕೆ ಪೂರಕವಾಗಿದ್ದರೆ ಅದನ್ನು ಉಳಿಸಿಕೊಳ್ಳಬೇಕು. ಚಿಕಿತ್ಸೆಯೊಂದಿಗೆ ಸ್ವಲ್ಪ ಘರ್ಷಿಸಿದರೆ ಮಾತುಕತೆಯಿಂದ ಹೊಂದಿಸಿಕೊಳ್ಳಬೇಕು. ಹಾನಿಕರವಾಗಿದ್ದರೆ, ಆತನ ಗೌರವಕ್ಕೆ ಕುಂದು ಬಾರದಂತೆ, ಅದನ್ನು ಬದಲಾಯಿಸಲು ನೆರವಾಗಬೇಕು. ಉಳಿಸುವುದು, ಹೊಂದಿಸುವುದು, ಬದಲಿಸುವುದು ಎಂಬ ಈ ಮೂರರಲ್ಲಿ ಯಾವುದು ಯಾವಾಗ ಎಂದು ತೀರ್ಮಾನಿಸುವ ವಿವೇಕವೇ ಸಾಂಸ್ಕೃತಿಕ ಸಾಮರ್ಥ್ಯ.

ನೋವು ಮಾತನಾಡುವ ಬಗೆ

ನಮ್ಮ ನೆಲದಲ್ಲಿ ಇದರ ಅರ್ಥವೇನೆಂಬುದನ್ನು ನೋಡೋಣ. ಖಿನ್ನತೆ ಎಂಬ ಪದ ಪತ್ರಿಕೆಗಳ ಮೂಲಕ ನಗರದ ಓದುಗರಿಗೆ ಪರಿಚಿತ. ಆದರೆ ಆಸ್ಪತ್ರೆಗೆ ಬರುವ ಹಳ್ಳಿಯ ಹೆಣ್ಣುಮಗಳು ಆ ಪದವನ್ನು ಬಳಸುವುದಿಲ್ಲ. ಎದೆ ಭಾರ ಎನ್ನುತ್ತಾಳೆ. ಮೈಯೆಲ್ಲ ಉರಿ, ಕೈಕಾಲು ಸೋತುಹೋಗಿವೆ, ಜೀವಕ್ಕೆ ಬೇಜಾರು ಎನ್ನುತ್ತಾಳೆ. ಉತ್ತರ ಕರ್ನಾಟಕದಲ್ಲಾದರೆ ‘ಸಂಕಟ ಆಗತೈತಿ’, ‘ಎದಿ ಹೊಡಕೋತೈತಿ’ ಎಂಬ ಮಾತುಗಳು ಬರುತ್ತವೆ. ಕೇಳಿಸಿಕೊಳ್ಳುವವರು ಇವನ್ನು ದೇಹದ ದೂರುಗಳೆಂದೇ ಬರೆದುಕೊಂಡರೆ ಆಕೆಗೆ ಶಕ್ತಿಯ ಮಾತ್ರೆ ಸಿಗುತ್ತದೆ, ಚಿಕಿತ್ಸೆ ಸಿಗುವುದಿಲ್ಲ.

ಜನ ಹೀಗೇಕೆ ಹೇಳುತ್ತಾರೆ ಎಂಬುದಕ್ಕೆ ಬೆಂಗಳೂರಿನಲ್ಲೇ ನಡೆದ ಸಂಶೋಧನೆಯೊಂದು ಉತ್ತರ ನೀಡಿದೆ. ನಿಮ್ಹಾನ್ಸ್‌ನ ಡಾ. ಆರ್. ರಘುರಾಮ್ ಮತ್ತು ಸಹೋದ್ಯೋಗಿಗಳು 1996ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಖಿನ್ನತೆಯ ಲಕ್ಷಣಗಳು ಹೆಚ್ಚಿದ್ದವರಲ್ಲಿ ಕಳಂಕದ ಭಾವನೆಯೂ ಹೆಚ್ಚಾಗಿತ್ತು. ದೇಹದ ನೋವುಗಳು ಹೆಚ್ಚಿದ್ದವರಲ್ಲಿ ಅದು ಕಡಿಮೆಯಿತ್ತು. ಮೈಕೈ ನೋವು ಎಲ್ಲರಿಗೂ ಬರುವಂಥದು, ಹೇಳಿಕೊಂಡರೆ ನಾಚಿಕೆಯಿಲ್ಲ. ಮನಸ್ಸಿನ ದುಃಖವನ್ನು ಹೇಳಿಕೊಂಡರೆ ಮದುವೆಯ ಮಾತುಕತೆ ಮುರಿಯಬಹುದು, ಅತ್ತೆಮನೆಯಲ್ಲಿ ಮರ್ಯಾದೆ ಹೋಗಬಹುದು. ಆಕೆ ‘ಎದೆ ಭಾರ’ ಎನ್ನುವುದು ಅಜ್ಞಾನದಿಂದಲ್ಲ. ಅದು ಯೋಚಿಸಿ ಆಡಿದ ಮಾತು. ಅದನ್ನು ಅರಿತ ಶುಶ್ರೂಷಕಿ ‘ಎದೆಯ ಮೇಲೆ ಏನಮ್ಮ ಅಷ್ಟು ಭಾರ?’ ಎಂದು ಕೇಳಬಲ್ಲಳು. ಆ ಒಂದು ಪ್ರಶ್ನೆಯಿಂದ ತೆರೆಯುವ ಬಾಗಿಲು ಹತ್ತು ಪುಟದ ನಮೂನೆಯಿಂದ ತೆರೆಯುವುದಿಲ್ಲ.

ಒಂದೇ ಪದ ಎರಡು ಅರ್ಥ ಕೊಡುವಲ್ಲಿ ಇನ್ನೂ ಎಚ್ಚರ ಬೇಕು. ಕನ್ನಡದಲ್ಲಿ ‘ಮದ್ದು’ ಎಂದರೆ ಔಷಧ. ಆದರೆ ರಾಜ್ಯದ ಅನೇಕ ಕಡೆ ‘ಮದ್ದು ಹಾಕಿದ್ದಾರೆ’ ಎಂದರೆ ಯಾರೋ ಊಟದಲ್ಲಿ ಕೈಮದ್ದು ಬೆರೆಸಿ ಕೇಡು ಬಗೆದಿದ್ದಾರೆ ಎಂದರ್ಥ. ಮದ್ದು ತೆಗೆಯುವವರು ಇಂದಿಗೂ ಇದ್ದಾರೆ. ತನಗೆ ಯಾರೋ ವಿಷವಿಕ್ಕುತ್ತಿದ್ದಾರೆಂಬ ಭ್ರಮೆಯಿಂದ ನರಳುವ ರೋಗಿಯ ಮುಂದೆ ‘ತಗೋ, ಮದ್ದು ನುಂಗು’ ಎಂದು ಗದರಿಸಿದರೆ ಆತ ಏನೆಂದು ತಿಳಿಯಬೇಕು? ಮಾತ್ರೆಯ ಹೆಸರು ಹೇಳಿ, ಅದು ನಿದ್ರೆಗೋ ಭಯ ಕಡಿಮೆಯಾಗುವುದಕ್ಕೋ ಎಂಬುದನ್ನು ತಿಳಿಸಿ, ‘ನೀವು’ ಎಂದು ಕರೆದು ಕೊಟ್ಟರೆ ಎರಡು ನಿಮಿಷ ಹೆಚ್ಚು ಹಿಡಿಯುತ್ತದೆ. ನಾಲ್ವರು ಸೇರಿ ಕೈಕಾಲು ಹಿಡಿದು ಚುಚ್ಚುಮದ್ದು ಕೊಡಲು ಹಿಡಿಯುವ ಹೊತ್ತಿಗೆ ಹೋಲಿಸಿದರೆ ಆ ಎರಡು ನಿಮಿಷ ಅಗ್ಗವೇ.

ಲಕ್ಷಣವೋ, ರೂಢಿಯೋ?

ರೋಗಿಯ ಮಾನಸಿಕ ಸ್ಥಿತಿಯನ್ನು ಅಳೆಯುವಾಗಲಂತೂ ಸಂಸ್ಕೃತಿಯ ಅರಿವಿಲ್ಲದಿದ್ದರೆ ಆರೋಗ್ಯವೇ ರೋಗವಾಗಿ ಕಾಣುತ್ತದೆ. ಗಂಡನ ಹೆಸರು ಕೇಳಿದರೆ ಹಿರಿಯ ತಲೆಮಾರಿನ ಹೆಣ್ಣುಮಕ್ಕಳು ಸುಮ್ಮನಾಗುತ್ತಾರೆ. ಗಂಡನ ಹೆಸರು ಹೇಳಬಾರದೆಂಬುದು ಅವರ ರೂಢಿ. ಅದನ್ನು ಅರಿಯದವರು ‘ಉತ್ತರಿಸುವುದಿಲ್ಲ’ ಎಂದು ಬರೆಯುತ್ತಾರೆ. ಹಿರಿಯರ ಮುಂದೆ ತಲೆತಗ್ಗಿಸಿ ನಿಲ್ಲುವ ಸೊಸೆಯ ಬಗ್ಗೆ ‘ಕಣ್ಣಿಟ್ಟು ನೋಡುವುದಿಲ್ಲ’ ಎಂಬ ಷರಾ ಬೀಳುತ್ತದೆ. ಇಂದು ಯಾವ ತಾರೀಖು ಎಂದು ಕೇಳಿದರೆ ಕೃಷಿಕೂಲಿಯೊಬ್ಬ ತಡವರಿಸಬಹುದು. ಸಂತೆ ಯಾವತ್ತು, ಅಮಾವಾಸ್ಯೆಗೆ ಎಷ್ಟು ದಿನವಿದೆ, ಈ ವರ್ಷ ಮಳೆ ಯಾವಾಗ ಹಿಡಿಯಿತು ಎಂದು ಕೇಳಿದರೆ ಅದೇ ಮನುಷ್ಯ ತಪ್ಪಿಲ್ಲದೆ ಹೇಳುತ್ತಾನೆ. ಆತನ ಕಾಲಜ್ಞಾನ ಕೆಟ್ಟಿಲ್ಲ. ನಮ್ಮ ಪ್ರಶ್ನೆ ಆತನ ಪಂಚಾಂಗದಲ್ಲಿಲ್ಲ, ಅಷ್ಟೇ.

ಇದು ಊಹೆಯ ಮಾತಲ್ಲ. ಪಾಶ್ಚಾತ್ಯ ದೇಶಗಳಲ್ಲಿ ವೃದ್ಧರ ನೆನಪಿನ ಶಕ್ತಿಯನ್ನು ಅಳೆಯಲು ಬಳಸುವ ಪರೀಕ್ಷೆ ಓದುಬರಹ ಬಾರದ ನಮ್ಮ ಹಳ್ಳಿಗರಿಗೆ ಹೊಂದುವುದಿಲ್ಲವೆಂಬುದನ್ನು ಕಂಡು, ಹರಿಯಾಣದ ಬಲ್ಲಭಗಢದಲ್ಲಿ ಕೆಲಸ ಮಾಡಿದ ಸಂಶೋಧಕರು 1990ರ ದಶಕದಲ್ಲಿ ಅದರ ಹಿಂದಿ ರೂಪವನ್ನೇ ಹೊಸದಾಗಿ ಸಿದ್ಧಪಡಿಸಬೇಕಾಯಿತು. ಅಮೆರಿಕದ ಮನೋವೈದ್ಯರ ಸಂಘವೂ 2013ರಲ್ಲಿ ಹೊರತಂದ ತನ್ನ ರೋಗನಿರ್ಣಯ ಕೈಪಿಡಿಯ ಐದನೆಯ ಆವೃತ್ತಿಯಲ್ಲಿ 16 ಪ್ರಶ್ನೆಗಳ ಸಾಂಸ್ಕೃತಿಕ ಸಂದರ್ಶನವನ್ನು ಸೇರಿಸಿತು. ನಿಮ್ಮ ತೊಂದರೆಯನ್ನು ನಿಮ್ಮ ಮನೆಯವರಿಗೆ ಹೇಗೆ ವಿವರಿಸುತ್ತೀರಿ, ಅದಕ್ಕೆ ಕಾರಣವೇನೆಂದು ನೀವು ತಿಳಿದಿದ್ದೀರಿ, ಯಾವ ನೆರವು ಬೇಕು ಎಂಬಂಥ ಸರಳ ಪ್ರಶ್ನೆಗಳು ಅದರಲ್ಲಿವೆ. ಅವನ್ನು ಕೇಳಲು ಯಾವ ಯಂತ್ರವೂ ಬೇಕಿಲ್ಲ.

ಸೇವೆಯಲ್ಲಿದ್ದ ದಿನಗಳಲ್ಲಿ ಜಿಲ್ಲೆಯೊಂದರ ಆಸ್ಪತ್ರೆಗೆ ಪರಿಶೀಲನೆಗೆಂದು ಹೋದಾಗ ಕಂಡ ಕಡತವೊಂದನ್ನು ಇಲ್ಲಿ ಉಲ್ಲೇಖಿಸಬೇಕು. ಒಬ್ಬ ಮಹಿಳೆಯ ಹೆಸರಿನ ಮುಂದೆ ಒಂಬತ್ತು ದಿನಗಳ ಕಾಲ ಬೇರೆ ಬೇರೆ ಕೈಬರಹಗಳಲ್ಲಿ ಒಂದೇ ವಾಕ್ಯವಿತ್ತು: ‘ರೋಗಿ ಸಹಕರಿಸುತ್ತಿಲ್ಲ, ಮಾತನಾಡುತ್ತಿಲ್ಲ.’ ಆಕೆ ತಾಂಡಾದಿಂದ ಬಂದವಳು; ಮನೆಮಾತು ಲಂಬಾಣಿ. ಕನ್ನಡ ಅಷ್ಟಿಷ್ಟು ಬರುತ್ತಿತ್ತು. ಕಾಯಿಲೆಯ ದಿನಗಳಲ್ಲಿ ಅದೂ ಕೈಕೊಟ್ಟಿತ್ತು. ಅದೇ ಆಸ್ಪತ್ರೆಯ ‘ಡಿ’ ದರ್ಜೆ ನೌಕರರಲ್ಲಿ ಆ ಭಾಷೆ ಬಲ್ಲವರೊಬ್ಬರಿದ್ದರು. ಅವರನ್ನು ಕರೆಸಿ ಮಾತನಾಡಿಸಿದಾಗ ಆಕೆ ಕೇಳಿದ ಮೊದಲ ಮಾತು, ಮನೆಯಲ್ಲಿ ಬಿಟ್ಟುಬಂದ ಹಾಲು ಕುಡಿಯುವ ಕೂಸನ್ನು ಯಾರು ನೋಡಿಕೊಳ್ಳುತ್ತಿದ್ದಾರೆ ಎಂದು. ಆಕೆ ಬಾಣಂತಿ ಎಂಬ ಅಂಶ ಕಡತದಲ್ಲಿರಲಿಲ್ಲ. ಹೆರಿಗೆಯ ನಂತರ ಬರುವ ಮಾನಸಿಕ ಕಾಯಿಲೆಯ ಚಿಕಿತ್ಸೆಯೇ ಬೇರೆ, ತಾಯಿಗೆ ಕೊಡುವ ಔಷಧದ ಆಯ್ಕೆಯೇ ಬೇರೆ. ಅಲ್ಲಿನ ಶುಶ್ರೂಷಕರು ಕ್ರೂರಿಗಳಾಗಿರಲಿಲ್ಲ. ಶ್ರದ್ಧೆಯಿಂದಲೇ ದಿನವೂ ಬರೆದಿದ್ದರು. ವ್ಯವಸ್ಥೆ ಅವರ ಕೈಗೆ ಲೇಖನಿ ಕೊಟ್ಟಿತ್ತು, ದುಭಾಷಿಯನ್ನು ಕೊಟ್ಟಿರಲಿಲ್ಲ.

ಮೈಮೇಲಿನ ಗುರುತುಗಳು

ವಾರ್ಡಿಗೆ ಸೇರಿಸಿಕೊಳ್ಳುವಾಗ ರೋಗಿಯ ಮೈಮೇಲಿನ ವಸ್ತುಗಳನ್ನು ತೆಗೆಸುವುದುಂಟು. ಅದಕ್ಕೆ ಸಕಾರಣಗಳಿವೆ. ಗಾಜಿನ ಬಳೆಯಿಂದ ಕೈ ಕೊಯ್ದುಕೊಳ್ಳಬಹುದು, ದಾರದಿಂದ ಕುತ್ತಿಗೆ ಬಿಗಿದುಕೊಳ್ಳಬಹುದು, ವಿದ್ಯುತ್ ಕಂಪನ ಚಿಕಿತ್ಸೆಗೆ ಮುನ್ನ ಲೋಹದ ಒಡವೆ ತೆಗೆಯಲೇಬೇಕು. ಆದರೆ ವಿವಾಹಿತ ಹಿಂದೂ ಮಹಿಳೆಯ ತಾಳಿ ಮತ್ತು ಬಳೆಗಳನ್ನು ಮಾತಿಲ್ಲದೆ ತೆಗೆದರೆ ಅದು ಆಕೆಗೆ ವೈಧವ್ಯದ ಸೂಚನೆ. ಲಿಂಗಾಯತ ರೋಗಿಯ ಕೊರಳಿನ ಇಷ್ಟಲಿಂಗ ಮೈಯಿಂದ ಬೇರೆಯಾಗುವುದು ಆತನಿಗೆ ಸಣ್ಣ ಸಂಗತಿಯಲ್ಲ. ಮುಸ್ಲಿಂ ರೋಗಿಯ ತಾಯಿತ, ಆಕೆಯ ತಲೆಯ ಮೇಲಿನ ಸೆರಗು ಕೂಡ ಹಾಗೆಯೇ. ಕಾರಣ ತಿಳಿಸಿ, ರೋಗಿಯ ಎದುರಿಗೇ ತಾಯಿಯ ಅಥವಾ ಅತ್ತೆಯ ಕೈಗೆ ಒಪ್ಪಿಸಿ, ಯಾವಾಗ ಮರಳಿ ಸಿಗುತ್ತದೆಂದು ಹೇಳಿ, ಗಾಜಿನ ಬಳೆಗೆ ಬದಲು ಪ್ಲಾಸ್ಟಿಕ್ ಬಳೆ ತೊಡಿಸಿದರೆ ಸುರಕ್ಷತೆಯೂ ಉಳಿಯುತ್ತದೆ, ಮಾನವೂ ಉಳಿಯುತ್ತದೆ. ಲೈನಿಂಜರ್ ಹೇಳಿದ ‘ಹೊಂದಿಸುವುದು’ ಎಂದರೆ ಇಂಥದೇ.

ಉಪವಾಸದ ವಿಚಾರ ಇನ್ನೂ ಸೂಕ್ಷ್ಮ. ಉನ್ಮಾದ-ಖಿನ್ನತೆಯ ಕಾಯಿಲೆಗೆ ಲಿಥಿಯಂ ಸೇವಿಸುವ ರೋಗಿಯ ಮೈಯಲ್ಲಿ ನೀರಿನಂಶ ಕಡಿಮೆಯಾದರೆ ರಕ್ತದಲ್ಲಿ ಆ ಔಷಧದ ಪ್ರಮಾಣ ವಿಷದ ಮಟ್ಟಕ್ಕೇರುವ ಅಪಾಯವಿದೆ. ರಂಜಾನ್ ತಿಂಗಳ ರೋಜಾ, ನಿರ್ಜಲ ಏಕಾದಶಿ ಇವೆಲ್ಲ ಇಲ್ಲಿ ವೈದ್ಯಕೀಯ ಮಾಹಿತಿಗಳೇ. ‘ಉಪವಾಸ ಮಾಡಬಾರದು’ ಎಂದು ಆಜ್ಞಾಪಿಸಿದರೆ ರೋಗಿ ಉಪವಾಸ ಬಿಡುವುದಿಲ್ಲ, ವಿಷಯ ಮುಚ್ಚಿಡುತ್ತಾನೆ. ಮೊದಲೇ ಕೇಳಿ ತಿಳಿದು, ವೈದ್ಯರಿಗೆ ಹೇಳಿ, ಕಾಯಿಲೆಯವರಿಗೆ ಆತನ ಧರ್ಮವೇ ಕೊಟ್ಟಿರುವ ರಿಯಾಯಿತಿಯನ್ನು ಮನೆಯ ಹಿರಿಯರಿಂದ ನೆನಪಿಸುವ ಶುಶ್ರೂಷಕಿ ಒಂದು ಜೀವವನ್ನು ಉಳಿಸಿರಬಹುದು.

ದೈವ ಮತ್ತು ದವಾಖಾನೆ

ನಂಬಿಕೆಯ ಪ್ರಶ್ನೆಯನ್ನು ನಮ್ಮ ವಿದ್ಯಾವಂತರು ಎರಡು ತುದಿಗಳಿಂದ ನೋಡುತ್ತಾರೆ. ಮೈಮೇಲೆ ದೇವರು ಬರುವುದೆಲ್ಲ ಮೌಢ್ಯ ಎನ್ನುವುದು ಒಂದು ತುದಿ; ನಮ್ಮ ಪರಂಪರೆಯಲ್ಲಿ ಎಲ್ಲಕ್ಕೂ ಮದ್ದಿದೆ ಎನ್ನುವುದು ಇನ್ನೊಂದು. ಇವೆರಡಕ್ಕಿಂತ ಹೆಚ್ಚು ವಿವೇಕದ ದಾರಿಯನ್ನು ತೋರಿದ ಅಧ್ಯಯನ ನಮ್ಮ ಕರಾವಳಿಯಲ್ಲೇ ನಡೆದಿದೆ. ಮನೋವೈದ್ಯರಾದ ಜಿ.ಎಂ. ಕಾರ್‌ಸ್ಟೇರ್ಸ್ ಮತ್ತು ಆರ್.ಎಲ್. ಕಪೂರ್ ಉಡುಪಿ ಸಮೀಪದ ಕೋಟದಲ್ಲಿ ಬ್ರಾಹ್ಮಣ, ಬಂಟ ಮತ್ತು ಮೀನುಗಾರ ಮೊಗವೀರ ಸಮುದಾಯಗಳ ಮಾನಸಿಕ ಆರೋಗ್ಯವನ್ನು ಪರಿಶೀಲಿಸಿ 1976ರಲ್ಲಿ ಪುಸ್ತಕ ಪ್ರಕಟಿಸಿದರು. ಜನ ವೈದ್ಯರ ಬಳಿಗೂ ಹೋಗುತ್ತಿದ್ದರು, ಪಾತ್ರಿ ಮತ್ತು ಮಂತ್ರವಾದಿಗಳ ಬಳಿಗೂ ಹೋಗುತ್ತಿದ್ದರು. ಒಂದನ್ನು ಆರಿಸಿಕೊಳ್ಳಲು ಮತ್ತೊಂದನ್ನು ಬಿಡಬೇಕೆಂದು ಅವರಿಗೆ ಅನಿಸಿರಲಿಲ್ಲ. ಅರ್ಧ ಶತಮಾನದ ನಂತರವೂ ಪರಿಸ್ಥಿತಿ ಬಹಳ ಬದಲಾಗಿದೆಯೆಂದು ಹೇಳಲಾಗದು.

2002ರಲ್ಲಿ ರಘುರಾಮ್ ಮತ್ತು ಸಂಗಡಿಗರು ತಮಿಳುನಾಡಿನ ಗ್ರಾಮವೊಂದರ ಮುತ್ತುಸ್ವಾಮಿ ದೇಗುಲದಲ್ಲಿ ಉಳಿದುಕೊಂಡಿದ್ದ 31 ಮಾನಸಿಕ ಅಸ್ವಸ್ಥರ ಬಗ್ಗೆ ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ ಬರೆದರು. ಅಲ್ಲಿ ಯಾವ ವಿಶೇಷ ಪೂಜೆಯಾಗಲಿ ಔಷಧವಾಗಲಿ ಇರಲಿಲ್ಲ. ಮನೆಯವರೊಬ್ಬರು ಜೊತೆಗಿರುತ್ತಿದ್ದರು, ರೋಗಿಗಳು ದೇಗುಲದ ಸಣ್ಣಪುಟ್ಟ ಕೆಲಸಗಳಲ್ಲಿ ಕೈಜೋಡಿಸುತ್ತಿದ್ದರು. ಅವರ ರೋಗಲಕ್ಷಣಗಳ ತೀವ್ರತೆ ಸರಾಸರಿ ಶೇ 20ರಷ್ಟು ತಗ್ಗಿತ್ತು. ಇದು ಸಣ್ಣ ಅಧ್ಯಯನ. ಇದರಿಂದ ದೇಗುಲವೇ ಆಸ್ಪತ್ರೆ ಎಂಬ ತೀರ್ಮಾನಕ್ಕೆ ಬರುವಂತಿಲ್ಲ. ಆದರೆ ಆಸರೆ, ಗೌರವ, ಕೆಲಸ ಮತ್ತು ಜೊತೆಗಾರರು ಎಂಬ ನಾಲ್ಕು ಸಂಗತಿಗಳ ಬೆಲೆಯನ್ನು ಅದು ತೋರಿಸಿತು. ಈ ನಾಲ್ಕೂ ಮೂಲತಃ ಶುಶ್ರೂಷೆಯ ಕ್ಷೇತ್ರಕ್ಕೇ ಸೇರಿದವು.

ಇದಕ್ಕೆ ಒಂದು ವರ್ಷ ಮೊದಲು, ಅದೇ ತಮಿಳುನಾಡಿನ ಎರವಾಡಿಯಲ್ಲಿ, 2001ರ ಆಗಸ್ಟ್ 6ರಂದು ಬೆಂಕಿ ಬಿದ್ದು 28 ಮಾನಸಿಕ ಅಸ್ವಸ್ಥರು ಸತ್ತರು. ದರ್ಗಾದ ಬಳಿಯ ಖಾಸಗಿ ಆಶ್ರಯವೊಂದರಲ್ಲಿ ಅವರನ್ನು ಸರಪಳಿಯಲ್ಲಿ ಬಿಗಿದಿದ್ದರಿಂದ ಓಡಲಾಗಲಿಲ್ಲ. 2017ರ ಕಾಯ್ದೆಯ 95ನೇ ಕಲಂ ಮಾನಸಿಕ ಅಸ್ವಸ್ಥರನ್ನು ಯಾವುದೇ ರೀತಿಯಲ್ಲಿ ಸರಪಳಿಯಲ್ಲಿ ಕಟ್ಟುವುದನ್ನು ನಿಷೇಧಿಸಿದೆ. ಸಂಸ್ಕೃತಿಯ ಹೆಸರಿನಲ್ಲಿ ಎಲ್ಲವನ್ನೂ ಒಪ್ಪಬೇಕೆಂದು ಯಾರೂ ಹೇಳುತ್ತಿಲ್ಲ. ಹರಕೆ ಹೊತ್ತ ದಾರ ಕೈಯಲ್ಲಿರಲಿ, ಸರಪಳಿ ಇರಕೂಡದು. ಈ ಗೆರೆಯನ್ನು ಎಳೆಯಬಲ್ಲವರು ಎರಡೂ ಬದಿಯನ್ನು ಬಲ್ಲವರೇ. ‘ಪಾತ್ರಿ ಬಳಿ ಹೋಗಿದ್ದಿರಾ?’ ಎಂದು ಹೀಗಳೆಯದೆ ಕೇಳುವ ಶುಶ್ರೂಷಕಿಗೆ ಮಾತ್ರ ರೋಗಿಯ ಮನೆಯವರು ಅಲ್ಲಿ ನಡೆದದ್ದನ್ನು ಹೇಳುತ್ತಾರೆ. ಬರೆ ಹಾಕಿದ್ದರೆ, ಹೊಡೆದಿದ್ದರೆ, ಔಷಧ ನಿಲ್ಲಿಸಿದ್ದರೆ ಅದು ಆಗಲೇ ತಿಳಿಯುವುದು.

ಅರಿವಿಲ್ಲದಿದ್ದರೆ ತೆರಬೇಕಾದ ಬೆಲೆ

ಇದು ಬಡ ದೇಶಗಳ ಸಮಸ್ಯೆ ಮಾತ್ರ ಎಂದು ಭಾವಿಸಬೇಕಿಲ್ಲ. ಇಂಗ್ಲೆಂಡಿನ ನಾರಿಚ್ ನಗರದ ಮನೋರೋಗ ಚಿಕಿತ್ಸಾಲಯದಲ್ಲಿ 1998ರ ಅಕ್ಟೋಬರ್‌ನಲ್ಲಿ ಡೇವಿಡ್ ಬೆನೆಟ್ ಎಂಬ 38 ವರ್ಷದ ಜಮೈಕಾ ಮೂಲದ ರೋಗಿ ಸತ್ತರು. ಮತ್ತೊಬ್ಬ ರೋಗಿಯೊಂದಿಗೆ ನಡೆದ ಜಗಳದಲ್ಲಿ ಅವರನ್ನು ಜನಾಂಗೀಯವಾಗಿ ನಿಂದಿಸಲಾಗಿತ್ತು. ಬೇರೆ ವಾರ್ಡಿಗೆ ಕಳುಹಿಸಿದ್ದು ಅವರನ್ನೇ. ಅಲ್ಲಿ ಅವರು ರೊಚ್ಚಿಗೆದ್ದಾಗ ಶುಶ್ರೂಷಕ ಸಿಬ್ಬಂದಿ ಬೋರಲು ಕೆಡವಿ ಬಹಳ ಹೊತ್ತು ಅದುಮಿ ಹಿಡಿದರು. ನಿವೃತ್ತ ನ್ಯಾಯಾಧೀಶರ ನೇತೃತ್ವದ ವಿಚಾರಣಾ ಸಮಿತಿಯು ಅಲ್ಲಿನ ಆರೋಗ್ಯ ಸೇವೆಯಲ್ಲಿ ಸಾಂಸ್ಥಿಕ ಜನಾಂಗಭೇದವಿದೆಯೆಂದು ಹೇಳಿತು. ರೋಗಿಯನ್ನು ಬೋರಲಾಗಿ ಮೂರು ನಿಮಿಷಕ್ಕಿಂತ ಹೆಚ್ಚು ಹಿಡಿಯಬಾರದೆಂದೂ, ಸಿಬ್ಬಂದಿಗೆಲ್ಲ ಸಾಂಸ್ಕೃತಿಕ ತರಬೇತಿ ಕಡ್ಡಾಯವಾಗಬೇಕೆಂದೂ ಶಿಫಾರಸು ಮಾಡಿತು. ಇಂದಿಗೂ ಅಲ್ಲಿ ಕಪ್ಪು ಜನಾಂಗದವರನ್ನು ಮಾನಸಿಕ ಆರೋಗ್ಯ ಕಾಯ್ದೆಯಡಿ ಬಲವಂತವಾಗಿ ಆಸ್ಪತ್ರೆಗೆ ಸೇರಿಸುವ ಪ್ರಮಾಣ ಬಿಳಿಯರಿಗಿಂತ ಮೂರು ಪಟ್ಟಿಗೂ ಹೆಚ್ಚು. ಮಾತು ಸೋತಲ್ಲಿ ಬಲಪ್ರಯೋಗ ಬರುತ್ತದೆ ಎಂಬ ಪಾಠ ಎಲ್ಲ ದೇಶಗಳಿಗೂ ಅನ್ವಯಿಸುತ್ತದೆ.

ಅರ್ಥಶಾಸ್ತ್ರದ ವಿದ್ಯಾರ್ಥಿಯಾಗಿ ಇನ್ನೊಂದು ಬೆಲೆಯನ್ನೂ ಲೆಕ್ಕಕ್ಕೆ ತೆಗೆದುಕೊಳ್ಳುತ್ತೇನೆ. ವೈದ್ಯಕೀಯ ಸೇವೆ ಸಾಮಾನ್ಯ ಸರಕಿನಂತಲ್ಲ, ಕೊಡುವವರಿಗೂ ಪಡೆಯುವವರಿಗೂ ನಡುವೆ ತಿಳಿವಳಿಕೆಯ ಅಸಮಾನತೆ ಇದೆ ಎಂದು ಕೆನೆತ್ ಆ್ಯರೋ 1963ರಲ್ಲೇ ವಿವರಿಸಿದರು. ಮಾನಸಿಕ ಕಾಯಿಲೆಯಲ್ಲಿ ಈ ಅಸಮಾನತೆ ಎರಡೂ ದಿಕ್ಕಿನದು. ಔಷಧದ ಬಗ್ಗೆ ರೋಗಿಗೆ ತಿಳಿಯದು. ರೋಗಿಯ ಬದುಕಿನ ಬಗ್ಗೆ ಆಸ್ಪತ್ರೆಗೆ ತಿಳಿಯದು. ಎರಡನೆಯ ಅಜ್ಞಾನಕ್ಕೆ ಬಜೆಟ್ಟಿನಲ್ಲಿ ಶೀರ್ಷಿಕೆಯಿಲ್ಲ. ಆದರೆ ಅದರ ವೆಚ್ಚ ಬೇರೆ ಶೀರ್ಷಿಕೆಗಳಲ್ಲಿ ಕಾಣಿಸಿಕೊಳ್ಳುತ್ತದೆ: ಅರ್ಧಕ್ಕೆ ನಿಂತ ಚಿಕಿತ್ಸೆ, ಮರುದಾಖಲಾತಿ, ವ್ಯರ್ಥವಾದ ಮಾತ್ರೆ, ಕೂಲಿ ಕಳೆದುಕೊಂಡ ಮನೆಯವರು. ನಿಮ್ಹಾನ್ಸ್ 12 ರಾಜ್ಯಗಳಲ್ಲಿ 2015-16ರಲ್ಲಿ ನಡೆಸಿದ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಮೀಕ್ಷೆಯ ಪ್ರಕಾರ ವಯಸ್ಕರಲ್ಲಿ ಶೇ 10.6 ಮಂದಿಗೆ ಆಗ ಯಾವುದಾದರೊಂದು ಮಾನಸಿಕ ತೊಂದರೆಯಿತ್ತು. ಅನೇಕ ಕಾಯಿಲೆಗಳಲ್ಲಿ ಹತ್ತರಲ್ಲಿ ಏಳಕ್ಕೂ ಹೆಚ್ಚು ಮಂದಿಗೆ ಚಿಕಿತ್ಸೆ ದೊರೆತಿರಲಿಲ್ಲ. ಇಷ್ಟು ಕಷ್ಟಪಟ್ಟು ಆಸ್ಪತ್ರೆಯ ಬಾಗಿಲಿಗೆ ಬಂದವರು, ಒಳಗಿನವರ ಮಾತು ಅರ್ಥವಾಗದೆ ಹಿಂತಿರುಗಿ ಹೋದರೆ ಅದಕ್ಕಿಂತ ದೊಡ್ಡ ಅಪವ್ಯಯವಿಲ್ಲ.

ಭಾಷೆಯ ಪ್ರಶ್ನೆ

ಬೆಂಗಳೂರಿನ ಆಸ್ಪತ್ರೆಗಳಲ್ಲಿ ಕೇರಳದಿಂದ ಬಂದ ಶುಶ್ರೂಷಕರ ಸಂಖ್ಯೆ ದೊಡ್ಡದು. ಅವರ ದಕ್ಷತೆ ಮತ್ತು ತಾಳ್ಮೆಗೆ ಈ ನಗರ ಋಣಿಯಾಗಿರಬೇಕು. ಆದ್ದರಿಂದ ಈ ವಿಷಯವನ್ನು ಭಾಷಾಭಿಮಾನದ ಜಗಳವಾಗಿ ಬೆಳೆಸುವುದು ಅನ್ಯಾಯ. ಅಲ್ಲದೆ 2011ರ ಜನಗಣತಿಯಂತೆ ಕರ್ನಾಟಕದಲ್ಲಿ ಕನ್ನಡ ಮಾತೃಭಾಷೆಯಾಗಿರುವವರು ಸುಮಾರು ಮೂರನೇ ಎರಡು ಭಾಗ. ಉಳಿದವರು ಉರ್ದು, ತೆಲುಗು, ತಮಿಳು, ಮರಾಠಿ, ತುಳು, ಕೊಂಕಣಿ, ಲಂಬಾಣಿ ಮುಂತಾದ ಮನೆಮಾತಿನವರು. ಕನ್ನಡ ಬಲ್ಲ ಶುಶ್ರೂಷಕಿಗೂ ಅವರ ದುಃಖದ ಭಾಷೆ ಅಪರಿಚಿತವಾಗಿರಬಹುದು. ಮೈಸೂರಿನ ಕಡೆಯವರಿಗೆ ಬೀದರಿನ ಮಾತು ಪೂರ್ತಿ ತಿಳಿಯುವುದೆಂಬ ಭರವಸೆಯೂ ಇಲ್ಲ.

ಈಗ ದುಭಾಷಿಯ ಕೆಲಸ ಮಾಡುತ್ತಿರುವವರು ಯಾರು? ಹೆಚ್ಚಾಗಿ ಜೊತೆಗೆ ಬಂದ ಗಂಡ, ಮಗ, ಇಲ್ಲವೇ ಆಚೀಚೆ ಓಡಾಡುವ ಸ್ವಚ್ಛತಾ ಸಿಬ್ಬಂದಿ. ಗಂಡನ ಹೊಡೆತದಿಂದಲೇ ಹೆಂಡತಿಯ ಮನಸ್ಸು ಮುರಿದಿದ್ದರೆ ಆಕೆಯ ಮಾತನ್ನು ಅನುವಾದಿಸುವವನು ಆ ಗಂಡನೇ ಆಗಿರುತ್ತಾನೆ. 2017ರ ಕಾಯ್ದೆಯ 22ನೇ ಕಲಂ ತನ್ನ ಕಾಯಿಲೆ ಮತ್ತು ಚಿಕಿತ್ಸೆಯ ಮಾಹಿತಿಯನ್ನು ತನಗೆ ಅರ್ಥವಾಗುವ ಭಾಷೆ ಮತ್ತು ರೂಪದಲ್ಲಿ ಪಡೆಯುವ ಹಕ್ಕನ್ನು ರೋಗಿಗೆ ಕೊಟ್ಟಿದೆ. ಹಕ್ಕು ಕೊಟ್ಟ ಮೇಲೆ ಅದನ್ನು ಈಡೇರಿಸುವ ಹುದ್ದೆಯನ್ನೂ ಮಂಜೂರು ಮಾಡಬೇಕಲ್ಲವೇ?

ಆಕ್ಷೇಪಗಳು

ಒಬ್ಬ ಶುಶ್ರೂಷಕಿಗೆ ಮಿತಿಮೀರಿದ ರೋಗಿಗಳಿರುವಾಗ ಸಂಸ್ಕೃತಿಯ ಪಾಠ ಹೇಳುವುದು ಐಷಾರಾಮವಲ್ಲವೇ ಎಂದು ಕೆಲವರು ಕೇಳಬಹುದು. ಸಿಬ್ಬಂದಿಯ ಕೊರತೆ ನಿಜ. ವಿಶ್ವ ಆರೋಗ್ಯ ಸಂಸ್ಥೆಯ 2017ರ ಅಂಕಿಅಂಶಗಳಂತೆ ಭಾರತದಲ್ಲಿ ಲಕ್ಷ ಜನಸಂಖ್ಯೆಗೆ ಮಾನಸಿಕ ಆರೋಗ್ಯ ಶುಶ್ರೂಷಕರು ಒಬ್ಬರಿಗಿಂತಲೂ ಕಡಿಮೆ. ಆ ಕೊರತೆ ನೀಗಲೇಬೇಕು. ಆದರೆ ಕಡಿಮೆ ಜನರಿರುವಲ್ಲಿ ತಪ್ಪು ತಿಳಿವಳಿಕೆಯಿಂದಾಗುವ ಘರ್ಷಣೆ ಅವರ ಹೊರೆಯನ್ನು ಇನ್ನಷ್ಟು ಹೆಚ್ಚಿಸುತ್ತದೆ.

ಎರಡನೆಯ ಆಕ್ಷೇಪ ಹೆಚ್ಚು ಗಂಭೀರವಾದದ್ದು. ‘ಲಿಂಗಾಯತರು ಹೀಗೆ, ಮುಸ್ಲಿಮರು ಹೀಗೆ, ಲಂಬಾಣಿಗಳು ಹೀಗೆ’ ಎಂದು ಪಟ್ಟಿ ಮಾಡಿ ಕಲಿಸಿದರೆ ಅದು ಅರಿವಲ್ಲ, ಪೂರ್ವಗ್ರಹದ ಇನ್ನೊಂದು ರೂಪ. ಒಂದೇ ಮನೆಯ ಅಣ್ಣತಮ್ಮಂದಿರು ಒಂದೇ ರೀತಿ ನಂಬುವುದಿಲ್ಲ. ಇದನ್ನರಿತೇ ಅಮೆರಿಕದ ಮೆಲನಿ ಟೆರ್ವಲನ್ ಮತ್ತು ಜಾನ್ ಮುರ್ರೆ-ಗಾರ್ಸಿಯ 1998ರಲ್ಲಿ ಸಾಮರ್ಥ್ಯಕ್ಕಿಂತ ‘ಸಾಂಸ್ಕೃತಿಕ ವಿನಯ’ ಮುಖ್ಯವೆಂದರು. ನ್ಯೂಜಿಲೆಂಡಿನ ಮಾವೊರಿ ಶುಶ್ರೂಷಕಿ ಇರಿಹಪೇಟಿ ರಾಮ್ಸ್‌ಡೆನ್ ಇನ್ನೂ ಮುಂದೆ ಹೋಗಿ, ಆರೈಕೆ ಸುರಕ್ಷಿತವಾಗಿತ್ತೇ ಎಂದು ಹೇಳಬೇಕಾದವರು ಆರೈಕೆ ಪಡೆದವರೇ ಎಂದು ವಾದಿಸಿದರು. ಅಲ್ಲಿನ ಶುಶ್ರೂಷಾ ಪರಿಷತ್ತು 1990ರ ದಶಕದಲ್ಲೇ ಆ ತತ್ವವನ್ನು ಶಿಕ್ಷಣದ ಭಾಗವಾಗಿಸಿತು. ಮೊದಲು ತನ್ನನ್ನು ತಾನು ನೋಡಿಕೊಳ್ಳಬೇಕು ಎಂಬುದು ಅದರ ಸಾರ. ನಮ್ಮಲ್ಲಿ ಅದರ ಅರ್ಥ ಮೊದಲಿಗೆ ಜಾತಿ. ಯಾವ ರೋಗಿಯನ್ನು ‘ನೀವು’ ಎನ್ನುತ್ತೇವೆ, ಯಾರನ್ನು ‘ನೀನು’ ಎನ್ನುತ್ತೇವೆ, ಯಾರ ತಟ್ಟೆಯನ್ನು ಮುಟ್ಟಲು ಹಿಂಜರಿಯುತ್ತೇವೆ ಎಂಬುದನ್ನು ವಾರ್ಡಿನಲ್ಲಿ ರೋಗಿಗಳು ನಮಗಿಂತ ಮೊದಲು ಗಮನಿಸಿರುತ್ತಾರೆ. ಜಾತಿ, ಧರ್ಮ, ಸಂಸ್ಕೃತಿಗಳ ಆಧಾರದ ಮೇಲೆ ತಾರತಮ್ಯವಿಲ್ಲದ ಮಾನಸಿಕ ಆರೋಗ್ಯ ಸೇವೆ ಕಾಯ್ದೆಯ ಪ್ರಕಾರವೂ ಹಕ್ಕು.

ಮಾಡಬೇಕಾದದ್ದು

ಆಡಳಿತದಲ್ಲಿ ದುಡಿದವನಾಗಿ, ಆಗಬಹುದಾದ ಕೆಲಸಗಳನ್ನಷ್ಟೇ ಸೂಚಿಸುತ್ತೇನೆ. ಮೊದಲನೆಯದಾಗಿ, ಮಾನಸಿಕ ಆರೋಗ್ಯ ವಿಭಾಗವಿರುವ ಪ್ರತಿಯೊಂದು ಸರ್ಕಾರಿ ಆಸ್ಪತ್ರೆಯ ದಾಖಲಾತಿ ನಮೂನೆಯಲ್ಲಿ ಐದು ಸಾಲು ಸೇರಲಿ: ಮನೆಮಾತು ಯಾವುದು, ಹೇಗೆ ಕರೆಯಬೇಕು, ಕಾಯಿಲೆಗೆ ಕಾರಣವೇನೆಂದು ರೋಗಿ ತಿಳಿದಿದ್ದಾರೆ, ಈ ಮೊದಲು ಎಲ್ಲೆಲ್ಲಿ ತೋರಿಸಿದ್ದಾರೆ, ಊಟ ಮತ್ತು ಆಚರಣೆಯಲ್ಲಿ ಏನನ್ನು ಗಮನಿಸಬೇಕು. ಇದಕ್ಕೆ ಕಾಗದದ ಖರ್ಚು ಬಿಟ್ಟರೆ ಬೇರೆ ಖರ್ಚಿಲ್ಲ.

ಎರಡನೆಯದಾಗಿ, ಬೇರೆ ರಾಜ್ಯಗಳಿಂದ ಬರುವ ಶುಶ್ರೂಷಕರಿಗೆ, ಖಾಸಗಿ ಆಸ್ಪತ್ರೆಗಳಲ್ಲೂ, ವಾರ್ಡಿನಲ್ಲಿ ಬೇಕಾಗುವ ಕನ್ನಡವನ್ನು ಕೆಲಸದ ಅವಧಿಯಲ್ಲೇ ಕಲಿಸಬೇಕು. ಅದು ವ್ಯಾಕರಣದ ಪರೀಕ್ಷೆಯಾಗಬಾರದು. ಬೇಜಾರು, ಸಂಕಟ, ಭಯ, ಸಾಯುವ ಯೋಚನೆಗಳನ್ನು ಹೇಳುವ ಜಿಲ್ಲಾವಾರು ನುಡಿಗಟ್ಟುಗಳ ಪುಟ್ಟ ಕೈಪಿಡಿಯೊಂದನ್ನು ಅನುಭವಿ ಶುಶ್ರೂಷಕರಿಂದಲೇ ಬರೆಯಿಸಬಹುದು. ಮೂರನೆಯದಾಗಿ, ಲಂಬಾಣಿ, ಉರ್ದು, ತುಳು ಮುಂತಾದ ಭಾಷೆ ಬಲ್ಲ ಸಿಬ್ಬಂದಿಯನ್ನು ಗುರುತಿಸಿ, ಗೋಪ್ಯತೆಯ ತರಬೇತಿ ಕೊಟ್ಟು, ಭತ್ಯೆ ನೀಡಿ ಅಧಿಕೃತ ದುಭಾಷಿಗಳನ್ನಾಗಿ ಮಾಡಬೇಕು. 2022ರ ಅಕ್ಟೋಬರ್‌ನಲ್ಲಿ ಆರಂಭವಾದ ‘ಟೆಲಿ ಮಾನಸ್’ ಸಹಾಯವಾಣಿ 14416 ಇಪ್ಪತ್ತು ಭಾಷೆಗಳಲ್ಲಿ ಸಲಹೆ ನೀಡುತ್ತಿದೆ. ದೂರವಾಣಿಯಲ್ಲಿ ಸಾಧ್ಯವಾದದ್ದು ವಾರ್ಡಿನಲ್ಲಿ ಅಸಾಧ್ಯವೆಂದು ಹೇಳುವಂತಿಲ್ಲ.

ನಾಲ್ಕನೆಯದಾಗಿ, ಕಾಯ್ದೆಯ ವ್ಯಾಖ್ಯೆಯಂತೆ ಸಾಮಾನ್ಯ ಶುಶ್ರೂಷಾ ಪದವಿ ಅಥವಾ ಡಿಪ್ಲೊಮಾ ಪಡೆದವರೂ ಮಾನಸಿಕ ಆರೋಗ್ಯ ಶುಶ್ರೂಷಕರೇ. ಹಾಗಿದ್ದ ಮೇಲೆ ಈ ವಿಷಯದ ತರಬೇತಿ ಮನೋರೋಗ ವಿಭಾಗದಲ್ಲಿ ವಿಶೇಷ ಪದವಿ ಪಡೆದ ಕೆಲವರಿಗೆ ಸೀಮಿತವಾಗಬಾರದು. 2023ರಲ್ಲಿ ಸಂಸತ್ತು ಶುಶ್ರೂಷೆ ಮತ್ತು ಸೂಲಗಿತ್ತಿ ವೃತ್ತಿಗೆ ಹೊಸ ರಾಷ್ಟ್ರೀಯ ಆಯೋಗದ ಕಾಯ್ದೆಯನ್ನು ಅಂಗೀಕರಿಸಿದೆ. ಪಠ್ಯಕ್ರಮದ ಮರುಚಿಂತನೆಗೆ ಅದು ಅವಕಾಶ. ರಾಜ್ಯ ಮಾನಸಿಕ ಆರೋಗ್ಯ ಪ್ರಾಧಿಕಾರದಲ್ಲಿ ಕನಿಷ್ಠ 15 ವರ್ಷ ಅನುಭವವಿರುವ ಶುಶ್ರೂಷಕರೊಬ್ಬರು ಸದಸ್ಯರಾಗಿರಬೇಕೆಂದು 2017ರ ಕಾಯ್ದೆ ಹೇಳುತ್ತದೆ. ಆ ಕುರ್ಚಿಯಲ್ಲಿ ಕುಳಿತವರ ಮಾತನ್ನು ಕೇಳುವ ಅಭ್ಯಾಸವನ್ನು ವೈದ್ಯರೂ ನಮ್ಮಂಥ ಅಧಿಕಾರಿಗಳೂ ಬೆಳೆಸಿಕೊಳ್ಳಬೇಕು.

ಈ ರಾಜ್ಯಕ್ಕೆ ದಾರಿ ತೋರಿದ ಚರಿತ್ರೆ ಇದೆ. 1980ರ ದಶಕದಲ್ಲಿ ಬಳ್ಳಾರಿ ಜಿಲ್ಲೆಯಲ್ಲಿ ನಿಮ್ಹಾನ್ಸ್ ನಡೆಸಿದ ಪ್ರಯೋಗ, ಪ್ರಾಥಮಿಕ ಆರೋಗ್ಯ ಕೇಂದ್ರದ ಸಿಬ್ಬಂದಿಯೂ ಮಾನಸಿಕ ಕಾಯಿಲೆಗಳನ್ನು ಗುರುತಿಸಿ ಆರೈಕೆ ಮಾಡಬಲ್ಲರೆಂದು ತೋರಿಸಿತು. 1996ರಲ್ಲಿ ಆರಂಭವಾದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ಅದೇ ಮಾದರಿಯಾಯಿತು. ಚಿಕಿತ್ಸೆಯನ್ನು ಹಳ್ಳಿಯ ಹತ್ತಿರಕ್ಕೆ ಒಯ್ದದ್ದು ಆ ಹೆಜ್ಜೆಯ ಸಾಧನೆ. ಹಳ್ಳಿಯ ಮಾತನ್ನು ಚಿಕಿತ್ಸೆಯ ಹತ್ತಿರಕ್ಕೆ ತರುವ ಹೆಜ್ಜೆ ಬಾಕಿ ಉಳಿದಿದೆ. ಮುಂದಿನ ಆಯವ್ಯಯದಲ್ಲಿ ಹೊಸ ಕಟ್ಟಡಗಳ ಜೊತೆಗೆ ಕೆಲವು ದುಭಾಷಿಗಳಿಗೂ, ಶುಶ್ರೂಷಕರ ಕೆಲವು ದಿನಗಳ ತರಬೇತಿಗೂ ಹಣ ಒದಗಿಸಿದರೆ ಬೊಕ್ಕಸಕ್ಕೆ ಅದು ಗೊತ್ತೂ ಆಗದು. ‘ರೋಗಿ ಮಾತನಾಡುತ್ತಿಲ್ಲ’ ಎಂದು ಬರೆಯುವ ಮುನ್ನ, ಅವರ ಮಾತಿನಲ್ಲಿ ಯಾರಾದರೂ ಮಾತನಾಡಿಸಿದ್ದಾರೆಯೇ ಎಂದು ಕೇಳುವ ಪದ್ಧತಿ ನಮ್ಮ ವಾರ್ಡುಗಳಲ್ಲಿ ಬಂದರೆ ಸಾಕು. ಉಳಿದದ್ದು ಅದರ ಹಿಂದೆಯೇ ಬರುತ್ತದೆ.

(ಲೇಖಕರು ನಿವೃತ್ತ ಸರ್ಕಾರಿ ಅಧಿಕಾರಿ)